ಬೆಳಿಗ್ಗೆ ಆಪರೇಷನ್, ಸಂಜೆ ಮನೆ

ನಾವು ಚಿಕ್ಕವರಾಗಿದ್ದಾಗ ಮನೆಯಲ್ಲೊಬ್ಬರಿಗೆ ಆಪರೇಷನ್ ಎಂದರೆ ಅದೊಂದು ಸಣ್ಣ ವಲಸೆಯೇ ಸರಿ. ರೋಗಿಯು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೋ ಬೆಂಗಳೂರಿನ ವಿಕ್ಟೋರಿಯಾಕ್ಕೋ ಹೊರಟರೆ ಅವರ ಹಿಂದೆ ಸೀಮೆಎಣ್ಣೆ ಸ್ಟವ್, ಅಕ್ಕಿಯ ಚೀಲ, ಚಾಪೆ, ಉಪ್ಪಿನಕಾಯಿಯ ಜಾಡಿ, ಇವೆಲ್ಲವನ್ನೂ ಕಾಯಲು ಒಬ್ಬ ಸೋದರತ್ತೆ, ಇಷ್ಟೂ ಹೊರಡುತ್ತಿತ್ತು. ಹತ್ತು ಹನ್ನೆರಡು ದಿವಸ ಆಸ್ಪತ್ರೆಯ ಹೊರಗಿನ ಮರದಡಿಯಲ್ಲಿ ಸಂಸಾರ ನಡೆಯುತ್ತಿತ್ತು. “ಯಾವಾಗ ಬರುತ್ತೀರಿ?” ಎಂದು ಯಾರಾದರೂ ಕೇಳಿದರೆ “ಹೊಲಿಗೆ ಬಿಚ್ಚಿದ ಮೇಲೆ” ಎಂಬುದೇ ಉತ್ತರ. ತಾರೀಖು ಯಾರಿಗೂ ತಿಳಿಯದು.

ಈಗ ಹಾಗಿಲ್ಲ. ಬೆಳಿಗ್ಗೆ ಏಳಕ್ಕೆ ಬರಿಹೊಟ್ಟೆಯಲ್ಲಿ ಹೋಗುವುದು, ಸಂಜೆ ಐದಕ್ಕೆ ಒಂದು ಚೀಲದ ತುಂಬ ಮಾತ್ರೆ ಹಿಡಿದು ಮನೆಗೆ ಬರುವುದು. ಇದಕ್ಕೆ ಆಸ್ಪತ್ರೆಯವರು ‘ಡೇ ಕೇರ್’ ಎನ್ನುತ್ತಾರೆ. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಸಣ್ಣಪುಟ್ಟ ಗಂಟುಗಳು, ಎಷ್ಟೋ ಕಡೆ ಪಿತ್ತಕೋಶ ಕೂಡ ಈಗ ಈ ಲೆಕ್ಕಕ್ಕೆ ಸೇರಿವೆ. ಕೇಳಲು ಬಹು ಸೊಗಸು. ಆದರೆ ಹಿಂದೆ ಆ ಹತ್ತು ದಿವಸ ನರ್ಸಮ್ಮನವರೂ ಸೋದರತ್ತೆಯೂ ಸೇರಿ ಮಾಡುತ್ತಿದ್ದ ಕೆಲಸ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ; ರೋಗಿಯ ಜೊತೆಗೇ ಆಟೋ ಹತ್ತಿ ಮನೆಗೆ ಬಂದಿದೆ. ಊರಿನಲ್ಲಾದರೆ ಅದನ್ನು ಮಾಡಲು ಹತ್ತು ಕೈಗಳುಂಟು. ಮಗ ಪುಣೆಯಲ್ಲಿ, ಮಗಳು ಬೆಂಗಳೂರಿನಲ್ಲಿ, ಅಣ್ಣತಮ್ಮಂದಿರು ಹಾಸನದ ಕಡೆ ಇರುವ ನಮ್ಮಂಥ ಆರ್.ಕೆ.ಪುರಂ ನಿವಾಸಿಗಳ ಮನೆಯಲ್ಲಿ ಎರಡೇ ಕೈ.

ಅರಿವಳಿಕೆಯ ವಿಷಯ ಬರೆಯಬೇಕೆಂದು ನಾವು ಹೊರಟಿರುವುದೂ ಇದೇ ಕಾರಣಕ್ಕೆ. ಆಪರೇಷನ್ ಮಾಡುವ ಸರ್ಜನ್ನರ ಹೆಸರು, ಅವರ ಕೈಗುಣ, ಅವರ ಫೀಸು, ಇವನ್ನು ನಮ್ಮವರು ಸಂಘದ ಸಮಾರಂಭಗಳಲ್ಲಿ ಕಾಫಿ ಲೋಟ ಹಿಡಿದು ಗಂಟೆಗಟ್ಟಲೆ ವಿಚಾರಿಸುತ್ತಾರೆ. ಮೈ ಮರೆಸುವ ವೈದ್ಯರು ಯಾರು, ಹೇಗೆ ಮರೆಸುತ್ತಾರೆ ಎಂದು ಕೇಳಿದವರನ್ನು ನಾವು ಕಂಡಿಲ್ಲ. ಆ ಸಂಜೆ ಮನೆಗೆ ಬಂದ ಮೇಲೆ ನೀವು ಹೇಗಿರುತ್ತೀರೆಂಬುದು ಬಹುಮಟ್ಟಿಗೆ ಈ ಎರಡನೆಯವರ ಕೈಯಲ್ಲಿದೆ. ನಮಗೆ ಇದು ಮೊದಲು ತಿಳಿದದ್ದು ಪುಸ್ತಕದಿಂದಲ್ಲ.

ನಮ್ಮದು ಲಿಫ್ಟ್ ಇಲ್ಲದ ಹಳೆಯ ಸರ್ಕಾರಿ ಕ್ವಾರ್ಟರ್ಸ್, ಎರಡನೆಯ ಮಹಡಿ. ಮೆಟ್ಟಿಲು ಮೂವತ್ತಾರು; ಎಣಿಸಿದ್ದೇವೆ. ಮೂರು ವರ್ಷದ ಹಿಂದಿನ ಡಿಸೆಂಬರಿನಲ್ಲಿ ಬಲತೊಡೆಯ ಸಂದಿನ ಹರ್ನಿಯಾಕ್ಕೆ ನಗರದ ಒಂದು ಆಸ್ಪತ್ರೆಯಲ್ಲಿ ನಮಗೆ ಆಪರೇಷನ್ ಆಯಿತು. ಕೂಡಿಸಿ, ಬೆನ್ನು ಬಗ್ಗಿಸಿ, ಸೊಂಟದ ಮೇಲೆ ಒಂದು ಸೂಜಿ ಚುಚ್ಚಿದರು. ಐದು ನಿಮಿಷದಲ್ಲಿ ಕಾಲುಗಳು ನಮ್ಮವಲ್ಲ. ಯಾರೋ ಎರಡು ಬಾಳೆದಿಂಡು ತಂದು ಜೋಡಿಸಿದಂತೆ. ನೋವು ಲವಲೇಶವೂ ಇಲ್ಲ. ಸರ್ಜನ್ನರು ಕ್ರಿಕೆಟ್ ಮಾತಾಡುತ್ತಿದ್ದುದು ಕೂಡ ಕಿವಿಗೆ ಬೀಳುತ್ತಿತ್ತು. ಸಂಜೆಯ ಹೊತ್ತಿಗೆ ಕಾಲಿಗೆ ಜೀವ ಬಂದಿತು, ನಾಲ್ಕು ಹೆಜ್ಜೆ ನಡೆದೆವು, ಕೊಟ್ಟ ಬ್ರೆಡ್ಡು ತಿಂದೆವು, ಕಾಗದಕ್ಕೆ ಸಹಿ ಹಾಕಿ ಹೊರಟೆವು. ಮೂತ್ರವಾಯಿತೇ ಎಂದು ಅವರು ಕೇಳಲಿಲ್ಲ. ಆಗಿಲ್ಲವೆಂದು ಹೇಳಲು ನಮಗೆ ಸಂಕೋಚ.

ರಾತ್ರಿ ಹನ್ನೊಂದಕ್ಕೆ ಕೆಳಹೊಟ್ಟೆ ನಗಾರಿಯಂತಾಯಿತು. ನಮ್ಮಾಕೆ ಒಳ್ಳೆಯ ಮನಸ್ಸಿನಿಂದ ಎರಡು ಲೋಟ ಜೀರಿಗೆ ನೀರು ಕುಡಿಸಿದಳು. ಕೆರೆ ಕಟ್ಟೆ ಒಡೆಯುವಂತಿದ್ದಾಗ ಮಳೆ ಬಂದ ಹಾಗಾಯಿತು. ಪಕ್ಕದ ಕೋಣೆಯಲ್ಲಿ ಎಂಬತ್ತು ಮುಟ್ಟಿದ ಅತ್ತೆಯವರು ಮಲಗಿದ್ದಾರೆ. ಅವರನ್ನು ಒಬ್ಬರನ್ನೇ ಬಿಟ್ಟು ಹೋಗುವಂತಿಲ್ಲ. ಹೊರಗೆ ಕೈಯಳತೆಯ ದೂರ ಕಾಣದ ಮಂಜು. ಕೊನೆಗೆ ಕೆಳಗಿನ ಮನೆಯ ಸರದಾರ್ಜಿ ಪೈಜಾಮದ ಮೇಲೆ ಕೋಟು ಹಾಕಿಕೊಂಡು ಕಾರು ತೆಗೆದರು, ಅವರ ಮಡದಿ ಅತ್ತೆಯವರ ಕೋಣೆಯಲ್ಲಿ ಬಂದು ಕುಳಿತರು, ನಾವು ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಮೂವತ್ತಾರು ಮೆಟ್ಟಿಲನ್ನು ಇಳಿದೆವು. ಬೇರೊಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಳಿಕೆ ಹಾಕಿದರು. ಮುಕ್ಕಾಲು ಲೀಟರಿಗೂ ಹೆಚ್ಚು ಬಂದಿತು. ಅಷ್ಟು ಸುಖವನ್ನು ನಾವು ಜೀವಮಾನದಲ್ಲಿ ಅನುಭವಿಸಿಲ್ಲ. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ನಗುತ್ತ, “ಅಂಕಲ್, ಬೆನ್ನಿನ ಇಂಜೆಕ್ಷನ್ ಕಾಲನ್ನು ಮೊದಲು ಬಿಡುತ್ತದೆ, ಮೂತ್ರಕೋಶವನ್ನು ಕೊನೆಗೆ ಬಿಡುತ್ತದೆ” ಎಂದು ಹಿಂದಿಯಲ್ಲಿ ಹೇಳಿದರು. ಈ ಲೇಖನದ ಬೀಜ ಆ ಮಾತು.

ಅದರ ಒಳಗುಟ್ಟು ಹೀಗೆ. ಬೆನ್ನುಮೂಳೆಯೊಳಗಿನ ನೀರಿನಲ್ಲಿ ಮದ್ದು ಬೆರೆತಾಗ ಅಲ್ಲಿಂದ ಹೊರಡುವ ನರಗಳೆಲ್ಲ ಮಲಗುತ್ತವೆ. ಮೂತ್ರಕೋಶವನ್ನು ಆಳುವ ನರಗಳು ಎಲ್ಲಕ್ಕಿಂತ ಕೆಳಗಿನವು. ಅವು ಏಳುವುದೂ ಕಡೆಗೆ. ಅಷ್ಟರೊಳಗೆ ಕೈಯ ನರದಲ್ಲಿ ಬಾಟಲಿಗಟ್ಟಲೆ ಸಲೈನ್ ಹರಿದಿರುತ್ತದೆ. ಐವತ್ತು ದಾಟಿದ ಗಂಡಸಿಗೆ ಪ್ರಾಸ್ಟೇಟ್ ಗ್ರಂಥಿ ಮೊದಲೇ ಸ್ವಲ್ಪ ಊದಿಕೊಂಡಿರುತ್ತದೆ. ಮೂತ್ರಕೋಶ ಒಮ್ಮೆ ಅತಿಯಾಗಿ ಹಿಗ್ಗಿತೆಂದರೆ, ನರ ಎಚ್ಚೆತ್ತ ಮೇಲೂ ಕುಗ್ಗಲು ಅದಕ್ಕೆ ಶಕ್ತಿಯಿರುವುದಿಲ್ಲ. ಬೆನ್ನಿಗೆ ಸಾಮಾನ್ಯವಾಗಿ ಕೊಡುವ ಬುಪಿವಕೇನ್ ಎಂಬ ಮದ್ದು ದೀರ್ಘಾಯು. ಮುಕ್ಕಾಲು ಗಂಟೆಯ ಆಪರೇಷನ್ನಿಗೆ ಅರ್ಧ ದಿವಸದ ಮದ್ದು ಎಂದರೂ ನಡೆದೀತು. ಬೇಗ ಇಳಿಯುವ ಕ್ಲೋರೋಪ್ರೊಕೇನ್ ಎಂಬುದನ್ನು ಬೆನ್ನಿಗೆ ಕೊಡಲು ಅಮೆರಿಕದಲ್ಲಿ ೨೦೧೭ರಲ್ಲಿ ಒಪ್ಪಿಗೆಯಾಯಿತು. ಡೇ ಕೇರಿಗೆ ಇಂಥದೇ ತಕ್ಕದ್ದೆಂದು ಬಲ್ಲವರು ಹೇಳುತ್ತಾರೆ.

ಬೆನ್ನಿನ ಇಂಜೆಕ್ಷನ್ನಿಗೆ ಇನ್ನೊಂದು ಹಳೆಯ ಅಪಖ್ಯಾತಿಯುಂಟು, ತಲೆನೋವು. ಅದರ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಾಗದು. ಈ ಪದ್ಧತಿಯನ್ನು ತಂದವರು ಜರ್ಮನಿಯ ಕೀಲ್ ನಗರದ ಸರ್ಜನ್ ಆಗಸ್ಟ್ ಬಿಯರ್, ೧೮೯೮ರಲ್ಲಿ. ರೋಗಿಗಳ ಮೇಲೆ ಮಾಡಿದ್ದನ್ನು ತಮ್ಮ ಮೈಮೇಲೂ ನೋಡಬೇಕೆಂದು ಆ ಆಗಸ್ಟ್ ತಿಂಗಳಲ್ಲಿ ಅವರೂ ಅವರ ಸಹಾಯಕ ಹಿಲ್ಡೆಬ್ರಾಂಟರೂ ಪ್ರಯೋಗಕ್ಕೆ ಕುಳಿತರು. ಸಹಾಯಕರ ಬೆನ್ನಿಗೆ ಕೊಕೇನ್ ಹೋಯಿತು. ಮದ್ದು ಹಿಡಿಯಿತೇ ಎಂದು ತಿಳಿಯಲು ಬಿಯರ್ ಮಹಾಶಯರು ಅವರ ಮೊಣಕಾಲ ಕೆಳಗೆ ಕಬ್ಬಿಣದ ಸುತ್ತಿಗೆಯಿಂದ ಬಡಿದರು, ಉರಿಯುವ ಚುಟ್ಟಾ ತಾಗಿಸಿದರು. ನೋವಿಲ್ಲ! ಇಬ್ಬರೂ ಸಂತೋಷದಿಂದ ವೈನ್ ಕುಡಿದು, ಚುಟ್ಟಾ ಸೇದಿ ಮಲಗಿದರು. ತರುವಾಯ ಬಿಯರರಿಗೆ ಎದ್ದು ಕುಳಿತರೆ ಸಿಡಿಯುವ, ಮಲಗಿದರೆ ಇಳಿಯುವ ತಲೆನೋವು. ಒಂಬತ್ತು ದಿವಸ ಹಾಸಿಗೆ ಬಿಡಲಿಲ್ಲ. ಸೂಜಿ ಮಾಡಿದ ರಂಧ್ರದಿಂದ ಬೆನ್ನುಹುರಿಯ ನೀರು ಸೋರುವುದೇ ಇದಕ್ಕೆ ಕಾರಣ. ಈಗ ಸೂಜಿ ಕೂದಲಿನಂತೆ ಸಣ್ಣ, ತುದಿಯೂ ಕತ್ತರಿಸದೆ ಎಳೆಗಳನ್ನು ಸರಿಸಿಕೊಂಡು ಹೋಗುವಂಥದು. ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಬಂದರೆ ಹೆಚ್ಚು, ಅದೂ ಎಳೆಯ ವಯಸ್ಸಿನ ಹೆಂಗಸರಿಗೆ ಅಧಿಕ. ಆದರೂ ಅದು ಬರುವುದು ಮರುದಿನವೋ ಮೂರನೆಯ ದಿನವೋ, ಅಂದರೆ ನೀವು ಮನೆಯಲ್ಲಿರುವಾಗ. ಎದ್ದಾಗ ಹೆಚ್ಚಿ ಮಲಗಿದಾಗ ಇಳಿಯುವ ತಲೆನೋವನ್ನು ದೆಹಲಿಯ ಚಳಿಗೆ ಬಂದದ್ದೆಂದುಕೊಂಡು ಅಮೃತಾಂಜನ ಹಚ್ಚಿ ಕೂಡಬಾರದು. ಮದ್ದು ಕೊಟ್ಟವರಿಗೆ ಫೋನ್ ಮಾಡತಕ್ಕದ್ದು.

ಹಾಗಾದರೆ ಹರ್ನಿಯಾಕ್ಕೆ ಯಾವುದು ಮೇಲು? ಸ್ವೀಡನ್ನಿನ ಹತ್ತು ಆಸ್ಪತ್ರೆಗಳಲ್ಲಿ ೬೧೬ ಜನ ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ ನೋಡಿದ್ದಾರೆ. ಫಲಿತಾಂಶ ೨೦೦೩ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಪೂರ್ಣ ನಿದ್ರೆ, ಒಂದಕ್ಕೆ ಬೆನ್ನಿನ ಇಂಜೆಕ್ಷನ್, ಇನ್ನೊಂದಕ್ಕೆ ಕೊಯ್ಯುವ ಜಾಗಕ್ಕೆ ಮಾತ್ರ ಇಂಜೆಕ್ಷನ್. ಬೇಗ ಮನೆಗೆ ಹೋದವರು, ಮೂತ್ರದ ತೊಂದರೆ ಕಡಮೆಯಿದ್ದವರು ಮೂರನೆಯ ಗುಂಪಿನವರು. ಇದನ್ನು ಓದಿದಾಗ ನಮಗೆ ಆ ಮಂಜಿನ ರಾತ್ರಿ ನೆನಪಾಗಿ ಹೊಟ್ಟೆಯುರಿಯಿತೆಂದು ಒಪ್ಪಿಕೊಳ್ಳುತ್ತೇವೆ. ಆದರೆ ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಜಾಗಕ್ಕೆ ಮಾತ್ರ ಮದ್ದು ಕೊಟ್ಟಾಗ ಎಳೆದಾಟ ತಿಳಿಯುತ್ತದೆ, ನಡುನಡುವೆ ಚುಳುಕೆನ್ನುವುದೂ ಉಂಟು. ಸರ್ಜನ್ನರ ಕೈ ಹಗುರವಾಗಿರಬೇಕು, ರೋಗಿಯ ಎದೆ ಗಟ್ಟಿಯಾಗಿರಬೇಕು. ಹರ್ನಿಯಾ ಬಹು ದೊಡ್ಡದಾಗಿದ್ದರೆ, ದೂರದರ್ಶಕ ತೂರಿಸಿ ಮಾಡುವ ಆಪರೇಷನ್ ಆದರೆ, ಮಗುವಾದರೆ, ಇದು ಸಲ್ಲದು.

ಮಗುವಿನ ಮಾತು ಬಂದದ್ದರಿಂದ ಒಂದು ಹಳೆಯ ಸಂಗತಿ. ಡೇ ಕೇರ್ ಎಂಬುದು ನಿನ್ನೆ ಮೊನ್ನೆಯ ಕಾರ್ಪೊರೇಟ್ ಆಸ್ಪತ್ರೆಗಳ ಸೃಷ್ಟಿಯೆಂದು ನಾವು ತಿಳಿದಿದ್ದೆವು. ಅಲ್ಲವಂತೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜೇಮ್ಸ್ ನಿಕೊಲ್ ಎಂಬ ಸರ್ಜನ್ನರು ೮,೯೮೮ ಆಪರೇಷನ್‌ಗಳನ್ನು, ಮಕ್ಕಳನ್ನು ಆಸ್ಪತ್ರೆಯಲ್ಲಿ ಮಲಗಿಸಿಕೊಳ್ಳದೆಯೇ ಮಾಡಿದ ವರದಿಯನ್ನು ೧೯೦೯ರಲ್ಲೇ ಒಪ್ಪಿಸಿದ್ದರು. ಮಗುವಿಗೆ ವಾರ್ಡಿಗಿಂತ ತಾಯಿಯ ಮಡಿಲು ಒಳ್ಳೆಯದೆಂಬುದು ಅವರ ವಾದ. ಆದರೆ ಅವರು ಮಗುವನ್ನು ತಾಯಿಯ ಕೈಗೆ ಕೊಟ್ಟು ಬಾಗಿಲು ಹಾಕಿಕೊಳ್ಳಲಿಲ್ಲ. ನರ್ಸುಗಳು ಮನೆಗೆ ಹೋಗಿ ನೋಡಿಬರುವ ಏರ್ಪಾಡೂ ಇತ್ತು. ಮುಂದಿನವರು ಅವರ ಮೊದಲನೆಯ ಅರ್ಧವನ್ನು ಚೆನ್ನಾಗಿ ಕಲಿತರು.

ಕಣ್ಣಿನ ಪೊರೆಯ ವಿಷಯದಲ್ಲಿ ಮಾತ್ರ ದೂರುವುದಕ್ಕೆ ಏನೂ ಇಲ್ಲ. ಬೀಳಗಿಯಲ್ಲಿ ಹುಟ್ಟಿ ಊರೂರಿಗೆ ಶಿಬಿರ ಹೂಡಿ ಬಡವರ ಕಣ್ಣು ತೆರೆಸಿದ ಡಾಕ್ಟರ್ ಎಂ.ಸಿ.ಮೋದಿಯವರ ಹೆಸರು ಕನ್ನಡಿಗರಿಗೆ ಹೊಸದಲ್ಲ. ಒಂದೇ ದಿನದಲ್ಲಿ ೮೩೩ ಪೊರೆಯ ಆಪರೇಷನ್ ಮಾಡಿದರೆಂದು ಗಿನ್ನೆಸ್ ದಾಖಲೆ; ೨೦೦೫ರಲ್ಲಿ ತೀರಿಕೊಂಡರು. ಅಷ್ಟು ವೇಗ ಸಾಧ್ಯವಾದದ್ದು ರೋಗಿಗೆ ಪೂರ್ಣ ನಿದ್ರೆ ಬೇಕಿರಲಿಲ್ಲವೆಂಬುದರಿಂದ. ಕಣ್ಣಿಗೆ ಮಾತ್ರ ಮದ್ದು. ಆದರೆ ಆ ಕಾಲದಲ್ಲಿ ಆಪರೇಷನ್ನಿಗೆ ಹಿಡಿದದ್ದು ನಿಮಿಷಗಳಾದರೆ ಮಲಗಿದ್ದು ದಿವಸಗಟ್ಟಲೆ. ಗಾಯ ದೊಡ್ಡದು, ತಲೆ ಅಲುಗದಂತೆ ಎರಡೂ ಕಡೆ ಮರಳಿನ ಚೀಲ ಇಟ್ಟು, ಕೆಮ್ಮಬಾರದು ಸೀನಬಾರದು ಎಂದು ಮಲಗಿಸುತ್ತಿದ್ದರು.

ನಮ್ಮ ಅತ್ತೆಯವರಿಗೆ ಹೋದ ವರ್ಷ ಆದದ್ದನ್ನು ನೋಡಿ. ಕಣ್ಣಿಗೆ ನಾಲ್ಕು ಹನಿ ಮದ್ದು. ಸೂಜಿಯಿಲ್ಲ, ನಿದ್ರೆಯಿಲ್ಲ. ಮಿಲಿಮೀಟರಿನ ಲೆಕ್ಕದ ತೂತು, ಹೊಲಿಗೆಯಿಲ್ಲ. “ದೀಪ ನೋಡಮ್ಮ, ದೀಪ ನೋಡು” ಎಂದರಂತೆ, ನೋಡುತ್ತಿದ್ದಂತೆಯೇ ಮುಗಿಯಿತಂತೆ. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದು, ಸಾರಿಗೆ ಉಪ್ಪು ಕಡಮೆ ಎಂದು ಸೊಸೆಯಂತೆಯೇ ಮಗಳಿಗೂ ಹೇಳುವ ತಮ್ಮ ಹಕ್ಕನ್ನು ಚಲಾಯಿಸಿದರು. ವಿಯೆನ್ನಾದ ಕಾರ್ಲ್ ಕೋಲರ್ ಎಂಬ ಯುವಕ ವೈದ್ಯ ಕಣ್ಣಿಗೆ ಕೊಕೇನ್ ಹನಿ ಬಿಟ್ಟು ನೋವಿಲ್ಲವೆಂದು ತೋರಿಸಿದ್ದು ೧೮೮೪ರಲ್ಲಿ. ಅಂದರೆ ಜಾಗಕ್ಕೆ ಮಾತ್ರ ಕೊಡುವ ಅರಿವಳಿಕೆಗಳಲ್ಲೆಲ್ಲ ಹಳೆಯದು ಕಣ್ಣಿನ ಹನಿಯೇ. ನಡುವೆ ನೂರು ವರ್ಷ ಸೂಜಿಯ ರಾಜ್ಯಭಾರ ನಡೆದು ಮತ್ತೆ ಹನಿಗೆ ಬಂದಿದ್ದೇವೆ. ಕಿವಿ ಕೇಳದವರಿಗೆ, ಮಾತು ತಿಳಿಯದವರಿಗೆ, ತಲೆ ನಡುಗುವವರಿಗೆ ಇಂದಿಗೂ ಕಣ್ಣಿನ ಸುತ್ತ ಇಂಜೆಕ್ಷನ್ನೇ ಕ್ಷೇಮ. ಇಲ್ಲಿ ನಮ್ಮವರು ಗಮನಿಸಬೇಕಾದ ಒಂದು ಅಂಶವುಂಟು. ಊರಿನಿಂದ ಬಂದ, ಹಿಂದಿ ಬಾರದ ತಂದೆತಾಯಿಗಳಿಗೆ “ದೀಪ ನೋಡಿ”, “ಅಲುಗಬೇಡಿ” ಎಂಬ ಎರಡು ಮಾತನ್ನು ಹಿಂದಿಯಲ್ಲಿ ಮೊದಲೇ ಕಲಿಸಿ ಕಳಿಸಿ. ನಮ್ಮ ಅತ್ತೆಯವರು ಮೂರು ದಿವಸ ಅಭ್ಯಾಸ ಮಾಡಿದ್ದರು.

ಇನ್ನು ಪೂರ್ಣ ನಿದ್ರೆ. ಇದರ ವಿಷಯದಲ್ಲಿ ಹಿರಿಯರಿಗಿರುವ ಭಯ ಈಥರ್, ಕ್ಲೋರೋಫಾರಂಗಳ ಕಾಲದ್ದು. ಬಾಸ್ಟನ್ನಿನಲ್ಲಿ ಮಾರ್ಟನ್ ಈಥರ್ ಕೊಟ್ಟು ತೋರಿಸಿದ್ದು ೧೮೪೬ರ ಅಕ್ಟೋಬರ್ ೧೬ರಂದು. ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರಂ ತಂದದ್ದು ಮರುವರ್ಷ. ನಮ್ಮ ಅಜ್ಜಂದಿರ ಕಾಲದಲ್ಲಿ ಆ ವಾಸನೆ ಮೂಗಿನಿಂದ ಹೋಗಲು ಎರಡು ದಿವಸ, ವಾಂತಿ ನಿಲ್ಲಲು ಇನ್ನೊಂದು. ೧೯೩೪ರಲ್ಲಿ ಥಯೋಪೆಂಟೋನ್ ಬಂದ ಮೇಲೆ ಮುಖವಾಡದ ಬದಲು ಕೈಯ ನರದಿಂದಲೇ ನಿದ್ರೆ ಬರಿಸುವುದಾಯಿತು. ಆದರೆ ಅದು ಮೈಯ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಇಳಿಯುವುದರಿಂದ ಮಂಪರು ದಿನವೆಲ್ಲ. ನಿಜವಾಗಿ ರೋಗಿಯನ್ನು ಅಂದೇ ಮನೆಗೆ ಕಳಿಸಿದ್ದು ಪ್ರೊಪೊಫಾಲ್. ಹಾಲಿನಂತೆ ಬೆಳ್ಳಗಿರುವ ಈ ಮದ್ದನ್ನು ರೂಪಿಸಿದ ಇಯನ್ ಗ್ಲೆನ್ ಓದಿದ್ದು ಪಶುವೈದ್ಯ! ಬ್ರಿಟನ್ನಿನಲ್ಲಿ ೧೯೮೬ರಲ್ಲಿ ಬಳಕೆಗೆ ಬಂದಿತು; ೨೦೧೮ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಸಂದಿತು. ಮದ್ದು ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಕಣ್ಣು ಬಿಡುತ್ತಾರೆ, ತಲೆ ತಿಳಿಯಾಗಿರುತ್ತದೆ, ವಾಕರಿಕೆಯೂ ಕಡಮೆ. ಸೆವೊಫ್ಲುರೇನ್‌ನಂಥ ಹೊಸ ಗಾಳಿಗಳೂ ಬೇಗ ಇಳಿಯುತ್ತವೆ. ಆದರೆ ವಾಕರಿಕೆಯ ಲೆಕ್ಕದಲ್ಲಿ ಅವು ಪ್ರೊಪೊಫಾಲಿಗೆ ಸಮವಲ್ಲ.

ವಾಕರಿಕೆಯೆಂದರೆ ಏನು ಮಹಾ ಎಂದು ಗಂಡಸರು ಹೇಳಬಹುದು. ನಮ್ಮ ಮೆಟ್ಟಿಲಿನ ಎದುರು ಬದಿಯಲ್ಲಿ ತೀರ್ಥಹಳ್ಳಿಯ ಕಡೆಯ ಒಂದು ಸಂಸಾರವಿದೆ. ಆ ಮನೆಯ ಅಕ್ಕನವರಿಗೆ ಪಿತ್ತಕೋಶದ ಕಲ್ಲಿಗೆ ದೂರದರ್ಶಕದ ಆಪರೇಷನ್ ಆಗಿ ಸಂಜೆ ಮನೆಗೆ ಕಳಿಸಿದರು. ಮುನೀರ್ಕಾ ದಾಟುವುದರೊಳಗೆ ಕಾರಿನಲ್ಲಿ ಎರಡು ಸಾರಿ, ಮೆಟ್ಟಿಲಲ್ಲಿ ಒಂದು ಸಾರಿ, ರಾತ್ರಿಯೆಲ್ಲ ಲೆಕ್ಕವಿಲ್ಲ. ಹೊಟ್ಟೆಯ ನಾಲ್ಕು ತೂತುಗಳ ಮೇಲೆ ದಿಂಬು ಒತ್ತಿ ಹಿಡಿದು ಪ್ರತಿ ಸಾರಿ ಅವರು ಪಟ್ಟ ಪಾಡು ಹೇಳತೀರದು. ನೋವಿನ ಮಾತ್ರೆಯೂ ಹೊಟ್ಟೆಯಲ್ಲಿ ನಿಲ್ಲದು. ಮರುದಿನ ಅವರನ್ನು ನೋಡಲು ಹೋದ ನಮ್ಮಾಕೆ ಕೇಳಿದಳು: “ಅಕ್ಕಾ, ನಿಮಗೆ ಬಸ್ಸಿನಲ್ಲೂ ಹೀಗಾಗುತ್ತದೆಯಲ್ಲವೆ?” ಆಗದೆ! ಆಗುಂಬೆ ಘಾಟಿಯ ಹದಿನಾಲ್ಕು ತಿರುವಿನಲ್ಲಿ ಅವರು ನಿಂಬೆಹಣ್ಣು ಮೂಸದೆ ಇಳಿದದ್ದೇ ಇಲ್ಲವಂತೆ.

ಆಪರೇಷನ್ನಿನ ಮುಂಚೆ ಯಾರಾದರೂ ಕೇಳಬೇಕಾಗಿದ್ದ ಪ್ರಶ್ನೆ ಇದೇ. ಜರ್ಮನಿಯ ಆಪ್‌ಫೆಲ್ ಎಂಬವರೂ ಅವರ ಸಂಗಡಿಗರೂ ೧೯೯೯ರಲ್ಲಿ ಒಂದು ಸುಲಭವಾದ ಲೆಕ್ಕ ಕಟ್ಟಿಕೊಟ್ಟಿದ್ದಾರೆ. ಹೆಂಗಸಾಗಿರುವುದು, ಧೂಮಪಾನ ಮಾಡದಿರುವುದು, ಬಸ್ಸಿನಲ್ಲಿ ಹೊಟ್ಟೆ ತೊಳಸುವ ಅಥವಾ ಹಿಂದಿನ ಆಪರೇಷನ್ನಿನಲ್ಲಿ ವಾಂತಿಯಾದ ಚರಿತ್ರೆ, ತರುವಾಯ ನೋವಿಗೆ ಅಫೀಮಿನ ಜಾತಿಯ ಮದ್ದು, ಈ ನಾಲ್ಕರಲ್ಲಿ ಒಂದೂ ಇಲ್ಲದಿದ್ದರೆ ವಾಕರಿಕೆಯ ಸಂಭವ ನೂರಕ್ಕೆ ೧೦ರಷ್ಟು. ನಾಲ್ಕೂ ಇದ್ದರೆ ಸುಮಾರು ೮೦. (ಬೀಡಿ ಸೇದುವವರಿಗೆ ಲೋಕದಲ್ಲಿ ಸಿಗುವ ಒಂದೇ ಒಂದು ಆರೋಗ್ಯಲಾಭ ಇದೆಂದು ತೋರುತ್ತದೆ, ಇದಕ್ಕಾಗಿ ಯಾರೂ ಕಲಿಯಬೇಕಾಗಿಲ್ಲ.) ನಮ್ಮ ಮನೆಗಳ ಎಷ್ಟೋ ಹೆಂಗಸರು ಮೊದಲ ಮೂರರಲ್ಲಿ ಉತ್ತೀರ್ಣರು. ಇಂಥವರಿಗೆ ಗಾಳಿಯ ಬದಲು ಪ್ರೊಪೊಫಾಲಿನಿಂದಲೇ ನಿದ್ರೆ ನಡೆಸಬಹುದು, ಡೆಕ್ಸಾಮೆಥಾಸೋನ್, ಒಂಡಾನ್ಸೆಟ್ರಾನ್ ಎಂಬ ಮದ್ದುಗಳನ್ನು ಮುಂಚಿತವಾಗಿಯೇ ಕೊಡಬಹುದು. ಎಲ್ಲವೂ ಇರುವಂಥವೇ, ಹೇಳಿದರೆ ಕೊಡುತ್ತಾರೆ. ಆದ್ದರಿಂದ ಘಾಟಿಯ ಸಂಗತಿಯನ್ನು ನಾಚಿಕೆಯಿಲ್ಲದೆ ಹೇಳಿ.

ಕೈಯ ಆಪರೇಷನ್ನಿಗೆ ಕುತ್ತಿಗೆಯ ಬುಡದಲ್ಲೋ ಕಂಕುಳಲ್ಲೋ ಮದ್ದು ಕೊಟ್ಟು ಇಡೀ ತೋಳನ್ನು ಮರಗಟ್ಟಿಸುವುದುಂಟು. ಹೊಟ್ಟೆ ತೊಳಸದು, ತಲೆ ತಿರುಗದು, ಹಸಿವಾದರೆ ಒಡನೆಯೇ ಊಟ. ಆದರೆ ತೋಳು ಹತ್ತು ಹನ್ನೆರಡು ಗಂಟೆ ಸತ್ತಂತೆ ಬಿದ್ದಿರುತ್ತದೆ. ಅದು ಬಿಸಿ ಕುಕ್ಕರಿಗೆ ತಾಗಿದರೂ ಚಳಿಗಾಲದ ಹೀಟರಿನ ಮುಂದೆ ಬೆಂದರೂ ನಿಮಗೆ ತಿಳಿಯದು. ಇನ್ನೊಂದು ಮೋಸವೆಂದರೆ, ಅದು ನಡುರಾತ್ರಿ ಒಮ್ಮೆಲೇ ಎಚ್ಚರಾಗುತ್ತದೆ. ಆಗ ಬರುವ ನೋವು ಕಟ್ಟೆಯೊಡೆದ ನೀರು. ನೋವು ಬರುವ ಮುಂಚೆಯೇ, ಮಲಗುವಾಗ, ಮಾತ್ರೆ ನುಂಗಿರಬೇಕು. ನೋವಿಲ್ಲವಲ್ಲ, ಮಾತ್ರೆ ಏಕೆ ಎಂಬ ಉಳಿತಾಯದ ಬುದ್ಧಿ ಇಲ್ಲಿ ಕೂಡದು.

ವಯಸ್ಸಾದವರ ನೆನಪಿನ ಶಕ್ತಿಗೆ ಪೂರ್ಣ ನಿದ್ರೆ ಕುತ್ತೆಂಬ ಮಾತನ್ನು ನಾವು ಹತ್ತಾರು ಕಡೆ ಕೇಳಿದ್ದೇವೆ. ಪೂರ್ತಿ ಸುಳ್ಳಲ್ಲ. ಅರವತ್ತು ದಾಟಿದ ೧,೨೧೮ ಜನರನ್ನು ದೊಡ್ಡ ಆಪರೇಷನ್ನುಗಳ ನಂತರ ಹಲವು ದೇಶಗಳಲ್ಲಿ ಪರೀಕ್ಷಿಸಿ ೧೯೯೮ರಲ್ಲಿ ಹೇಳಿದ್ದು: ಒಂದು ವಾರದಲ್ಲಿ ನಾಲ್ವರಲ್ಲಿ ಒಬ್ಬರ ಬುದ್ಧಿ ಮಂಕು, ಮೂರು ತಿಂಗಳಿಗೆ ಹತ್ತರಲ್ಲಿ ಒಬ್ಬರದು. ಆದರೆ ನಿದ್ರೆಯ ಬದಲು ಬೆನ್ನಿಗೋ ನರಕ್ಕೋ ಮದ್ದು ಕೊಟ್ಟರೆ ಇದು ತಪ್ಪುವುದೇ ಎಂದು ೨೦೦೩ರಲ್ಲಿ ನೋಡಿದಾಗ, ಮೂರು ತಿಂಗಳ ಲೆಕ್ಕದಲ್ಲಿ ಏನೂ ಅಂತರ ಕಾಣಲಿಲ್ಲ. ಅಂತರ ಕಂಡದ್ದು ಬೇರೆ ಕಡೆ. ಅದೇ ವರ್ಷದ ಇನ್ನೊಂದು ಪರೀಕ್ಷೆಯಲ್ಲಿ, ಸಣ್ಣ ಆಪರೇಷನ್ ಆದ ವೃದ್ಧರಲ್ಲಿ ಆಸ್ಪತ್ರೆಯಲ್ಲಿ ಉಳಿದವರಿಗಿಂತ ಅಂದೇ ಮನೆಗೆ ಹೋದವರ ಬುದ್ಧಿ ಮೊದಲ ವಾರದಲ್ಲಿ ಚುರುಕಾಗಿತ್ತು. ಆರೋಗ್ಯ ಗಟ್ಟಿಯಿದ್ದವರನ್ನೇ ಮನೆಗೆ ಕಳಿಸಿರಬಹುದೆಂಬ ಸಂಶಯ ಇಲ್ಲಿ ನ್ಯಾಯವಾದದ್ದೇ. ಆದರೂ ತನ್ನ ಹಾಸಿಗೆ, ತನ್ನ ಕನ್ನಡಕ, ತನ್ನ ಭಾಷೆ ಇರುವ ಕಡೆ ಮುದುಕರ ತಲೆ ನೆಟ್ಟಗಿರುತ್ತದೆಂಬುದನ್ನು ನಂಬಲು ನಮಗೇನೂ ಕಷ್ಟವಿಲ್ಲ.

ಕಾಫಿಯ ವಿಷಯ ಹೇಳದಿದ್ದರೆ ಮೈಸೂರಿನವರು ನಮ್ಮನ್ನು ಕ್ಷಮಿಸಲಾರರು. ಆಪರೇಷನ್ನಿನ ಹಿಂದಿನ ರಾತ್ರಿಯಿಂದ ನಿರ್ಜಲ ಏಕಾದಶಿ ಮಾಡುವುದು ಹಳೆಯ ಕ್ರಮ. ಈಗಿನ ನಿಯಮ: ಗಟ್ಟಿ ಆಹಾರ ಆರು ಗಂಟೆ ಮುಂಚೆ ನಿಲ್ಲಬೇಕು, ಆಚೆ ಬದಿ ಕಾಣುವಂಥ ತಿಳಿಯಾದ ಪಾನೀಯ ಎರಡು ಗಂಟೆ ಮುಂಚಿನವರೆಗೂ ನಡೆಯುತ್ತದೆ. ಅರಿವಳಿಕೆಯಲ್ಲಿ ಗಂಟಲಿನ ಕಾವಲುಗಾರ ಮಲಗಿರುತ್ತಾನೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಕರಿ ಕಾಫಿ ತಿಳಿ ಪಾನೀಯವೇ. ಆದರೆ ಹಾಲು ಬಿದ್ದೊಡನೆ ಅದು ಗಟ್ಟಿ ಆಹಾರದ ಜಾತಿಗೆ ಸೇರಿತು. ಬೆಳಿಗ್ಗೆ ಐದಕ್ಕೆ “ಬರಿಯ ಕಾಫಿ ತಾನೆ” ಎಂದು ಫಿಲ್ಟರ್ ಕಾಫಿ ಕುಡಿದು ಹೋದ ನಮ್ಮ ಕಚೇರಿಯ ಮಿತ್ರರೊಬ್ಬರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದರು. ಅವರು ಮುಚ್ಚಿಡದೆ ನಿಜ ಹೇಳಿದ್ದು ದೊಡ್ಡದು.

ಮನೆಗೆ ಕಳಿಸುವ ಮುಂಚೆ ಎಲ್ಲ ಕಡೆಯೂ ಒಂದು ಪಟ್ಟಿ ನೋಡುತ್ತಾರೆ: ರಕ್ತದೊತ್ತಡ, ನಡಿಗೆ, ವಾಕರಿಕೆ, ನೋವು, ರಕ್ತಸ್ರಾವ. ಬೆನ್ನಿನ ಮದ್ದಾದರೆ ಮೂತ್ರವಾಯಿತೇ ಎಂಬುದನ್ನು ನೀವೇ ಆ ಪಟ್ಟಿಗೆ ಸೇರಿಸಿಕೊಳ್ಳಿ. ನಿದ್ರೆಯೋ ಮಂಪರೋ ಕೊಟ್ಟಿದ್ದರೆ ೨೪ ಗಂಟೆ ಸ್ಕೂಟರ್ ಕಾರುಗಳ ಗೊಡವೆ ಬೇಡ, ಪತ್ರಗಳಿಗೆ ಸಹಿ ಬೇಡ, ಬ್ಯಾಂಕಿನ ವ್ಯವಹಾರ ಬೇಡ. ರಾತ್ರಿ ಒಬ್ಬ ವಯಸ್ಕರು ಜೊತೆಯಲ್ಲಿರಲೇಬೇಕು. ಆ ಒಬ್ಬರು ಯಾರು? ಎಂಬತ್ತರ ಅತ್ತೆಯವರು ಲೆಕ್ಕಕ್ಕಿಲ್ಲ, ಹನ್ನೆರಡರ ಮೊಮ್ಮಗ ಲೆಕ್ಕಕ್ಕಿಲ್ಲ. ಯಾರೂ ಇಲ್ಲದಿದ್ದರೆ ಹಾಗೆಂದು ಮೊದಲೇ ಹೇಳಿ, ಒಂದು ರಾತ್ರಿ ಅಲ್ಲೇ ಉಳಿಯುತ್ತೇವೆಂದು ಕೇಳುವುದರಲ್ಲಿ ಅವಮಾನವಿಲ್ಲ. ಮೂರು ವರ್ಷದ ಹಿಂದೆ ನಾವು ಕೇಳಬೇಕಾಗಿತ್ತು.

ಹೋದ ಅಕ್ಟೋಬರಿನಲ್ಲಿ ಎಡಗಡೆಯೂ ಹರ್ನಿಯಾ ತಲೆಯೆತ್ತಿತು. ಈ ಸಾರಿ ನಾವು ಸರ್ಜನ್ನರಿಗಿಂತ ಮೊದಲು ಅರಿವಳಿಕೆಯ ಡಾಕ್ಟರನ್ನು ಕಾಣಬೇಕೆಂದೆವು. ಸಣ್ಣ ಪ್ರಾಯದ ಹೆಣ್ಣುಮಗಳು. ನಮ್ಮ ಮಂಜಿನ ರಾತ್ರಿಯ ಪುರಾಣವನ್ನು ಪೂರ್ತಿ ಕೇಳಿ, ಪ್ರಾಸ್ಟೇಟ್ ಪರೀಕ್ಷೆಯ ಕಾಗದ ನೋಡಿ, ಮನೆ ಎಷ್ಟನೆಯ ಮಹಡಿಯೆಂದು ತಾವಾಗಿಯೇ ಕೇಳಿದರು. ಆ ಒಂದು ಪ್ರಶ್ನೆಗೆ ನಮ್ಮಾಕೆ ಆಕೆಯನ್ನು ಮಗಳೆಂದುಬಿಟ್ಟಳು. ಜಾಗಕ್ಕೆ ಮಾತ್ರ ಮದ್ದು, ನರಕ್ಕೆ ತುಸು ಮಂಪರು, ಸಲೈನ್ ಅತಿ ಮಿತ ಎಂದು ತೀರ್ಮಾನವಾಯಿತು. ಎಳೆದದ್ದು ತಿಳಿಯಿತು, ಒಮ್ಮೆ ಚುಳುಕೆಂದದ್ದೂ ಉಂಟು, “ಅಮ್ಮಾ” ಎಂದೆವು, ಇನ್ನಷ್ಟು ಮದ್ದು ಬಿದ್ದಿತು. ಒಂದೂವರೆ ಗಂಟೆಯ ತರುವಾಯ ಮೂತ್ರವಾದಾಗ ನಾವು ಗಂಟೆ ಒತ್ತಿ ನರ್ಸಮ್ಮನನ್ನು ಕರೆದು ಆ ಸಮಾಚಾರವನ್ನು ಗಟ್ಟಿಯಾಗಿಯೇ ತಿಳಿಸಿದೆವು.

ನಾಲ್ಕು ಗಂಟೆಗೆ ಮನೆ. ಕೆಳಗೆ ಸರದಾರ್ಜಿ ಕಾರಿನ ಕೀಲಿ ಕೈಯಲ್ಲೇ ಹಿಡಿದು ನಿಂತಿದ್ದರು, ರಾತ್ರಿ ಬೇಕಾದೀತೆಂದು. ಕಂಬಿ ಹಿಡಿದು, ಮೊದಲನೆಯ ಮಹಡಿಯಲ್ಲಿ ಎರಡು ನಿಮಿಷ ನಿಂತು, ಮೂವತ್ತಾರು ಮೆಟ್ಟಿಲನ್ನೂ ಹತ್ತಿದೆವು. ಅತ್ತೆಯವರು ಹೊಸ ಕಣ್ಣಿನಿಂದ ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ಆಪರೇಷನ್ ಮಾಡಿದರೋ, ಇಲ್ಲ ಹಾಗೇ ಕಳಿಸಿದರೋ?” ಎಂದರು. ನಮ್ಮಾಕೆ ಕಾಫಿ ತಂದಿಟ್ಟಳು, ಹಾಲು ಹಾಕಿಯೇ.